ಜಾಗ ನಂಬರ್ ಮೂರರ ನೀರು

೪ ಜನವರಿ ೧೯೫೪, ಸೋಮವಾರ. ಅಮ್ಮತ್ತಿ

ಹೊಸ ಡೈರಿ, ಹೊಸ ಊರು, ಹೊಸ ಮಂಚ. ಮಂಚದ ಒಂದು ಕಾಲು ಉಳಿದ ಮೂರಕ್ಕಿಂತ ಅರ್ಧ ಇಂಚು ಗಿಡ್ಡ. ಅಳೆದು ನೋಡಿದೆ.

ಮಡಿಕೇರಿಯ ಪ್ರಯೋಗಶಾಲೆಯಿಂದ ನನ್ನನ್ನು ಮೂರು ತಿಂಗಳ ಮಟ್ಟಿಗೆ ಇಲ್ಲಿಗೆ ಕಳಿಸಿದ್ದಾರೆ. ಇಲ್ಲಿನ ಒಂದು ಎಸ್ಟೇಟಿನಲ್ಲಿ ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ಮನೆಯ ಕೊಳೆನೀರು ತೋಡಿಗೆ, ಅಂದರೆ ಪಕ್ಕದ ಸಣ್ಣ ಹಳ್ಳಕ್ಕೆ, ಸೇರಿ, ಕೆಳಗಿನವರ ಹೊಟ್ಟೆ ಕೆಡುತ್ತಿದೆ ಎಂದು ಯಾರೋ ಅರ್ಜಿ ಹಾಕಿದ್ದಾರಂತೆ. ಹೌದೋ ಅಲ್ಲವೋ ಎಂದು ನೀರನ್ನು ಪರೀಕ್ಷಿಸಿ ಹೇಳಬೇಕಾದವನು ನಾನು, ದೇವರಾಜು, ಬಿ.ಎಸ್ಸಿ. ಹೊರಡುವಾಗ ಸಾಹೇಬರು, "ಈ ವರದಿ ನೆಟ್ಟಗೆ ಬಂದರೆ ಏಪ್ರಿಲ್‌ನಿಂದ ನಿಮ್ಮ ಕೆಲಸ ಖಾಯಂ. ಬರದಿದ್ದರೆ ನಾನೇನೂ ಹೇಳಲಾರೆ" ಎಂದರು. ಕೊಡಗಿನಂಥ ಪುಟ್ಟ ರಾಜ್ಯದಲ್ಲಿ ನೀರು ಪರೀಕ್ಷಿಸುವ ಕುರ್ಚಿ ಇರುವುದೇ ಎರಡು. ಒಂದರಲ್ಲಿ ಸಾಹೇಬರು ಕೂತಿದ್ದಾರೆ. ಇನ್ನೊಂದರ ತುದಿಯಲ್ಲಿ ನಾನು.

ಬಾಡಿಗೆಗೆ ಸಿಕ್ಕಿರುವುದು ವಿಶಾಲಾಕ್ಷಮ್ಮ ಎಂಬ ವಿಧವೆಯ ಮನೆ. ಅರಕಲಗೂಡು ಕಡೆಯಿಂದ ಬಂದು ಮೂವತ್ತು ವರ್ಷವಾಯಿತಂತೆ. ಮುಂದಿನ ಕೋಣೆ ನನ್ನ ಪ್ರಯೋಗಶಾಲೆ. ಊಟ ಅವರದೇ. ನೀರು ಮಾತ್ರ ನನ್ನದು: ಇಪ್ಪತ್ತು ನಿಮಿಷ ಕುದಿಸಿ, ಬಟ್ಟೆಯಲ್ಲಿ ಸೋಸಿ, ಮುಚ್ಚಿಟ್ಟದ್ದು. ಸೀಮೆಎಣ್ಣೆ ಸ್ಟವ್ ಹಚ್ಚಿದ್ದನ್ನು ನೋಡಿ ಯಜಮಾನಿಯ ಮುಖ ಸಣ್ಣದಾಯಿತು.

"ಅಲ್ಲ ಕಣಪ್ಪ, ನಮ್ಮ ಬಾವಿ ನೀರು ಕಾಯಿಸಿ ಕುಡಿಯೋರನ್ನ ನಾನು ಕಂಡೇ ಇಲ್ಲ. ನೀರು ನೋಡೋಕೇ ಅಂತ ಬಂದಿದೀರಿ. ಮೊದ್ಲು ನಮ್ಮ ಬಾವೀದು ನೋಡಿ ಹೇಳಿ."

ನಿಮ್ಮ ಬಾವಿ ನನ್ನ ಪಟ್ಟಿಯಲ್ಲಿ ಇಲ್ಲ ಎಂದೆ. ಸರ್ಕಾರಿ ಪಟ್ಟಿಯಲ್ಲಿ ಇಲ್ಲದ ನೀರನ್ನು ಮುಟ್ಟುವ ಅಧಿಕಾರ ನನಗಿಲ್ಲ. ರಾತ್ರಿಯ ಸಾರಿಗೆ ಉಪ್ಪು ಕಡಿಮೆ ಇತ್ತು. ಕಾಕತಾಳೀಯ ಇರಬಹುದು.

೬ ಜನವರಿ, ಬುಧವಾರ

ತೋಡಿನ ಉದ್ದಕ್ಕೂ ನಡೆದು ನೀರು ಹಿಡಿಯುವ ಜಾಗಗಳನ್ನು ಗೊತ್ತುಮಾಡಿದೆ. ಜಾಗ ನಂ. ೧: ಪಲ್ಪರ್ ಮನೆಗಿಂತ ಮೇಲೆ. ನಂ. ೨: ಕೊಳೆನೀರು ಬೀಳುವಲ್ಲಿ. ನಂ. ೩: ಅಲ್ಲಿಂದ ಅರ್ಧ ಮೈಲಿ ಕೆಳಗೆ, ಕೂಲಿಗಳ ಲೈನ್ ಮನೆಗಳ ಹತ್ತಿರ, ಒಂದು ಚಪ್ಪಟೆ ಕಲ್ಲು. ನಂ. ೩ರಲ್ಲಿ ಒಬ್ಬ ಹೆಂಗಸು ಬಟ್ಟೆ ಒಗೆಯುತ್ತಿದ್ದಳು. ಮಾದರಿ ಕೆಡುತ್ತದೆಂದು ಎಬ್ಬಿಸಿದೆ.

ನಂ. ೨ರ ವಾಸನೆಯನ್ನು ವರದಿಯಲ್ಲಿ "ಅಹಿತಕರ" ಎಂದು ಬರೆಯುವುದು ಪದ್ಧತಿ. ಡೈರಿಯಲ್ಲಿ ನಿಜ ಬರೆಯಬಹುದು: ಬೆಳಗಿನ ತಿಂಡಿ ಹೊಟ್ಟೆಯಲ್ಲಿ ನಿಲ್ಲಲಿಲ್ಲ.

ಎಸ್ಟೇಟಿನ ರೈಟರ್ ಕೆಂಪಣ್ಣ ಜೊತೆಗೆ ಬಂದಿದ್ದ. ಲೆಕ್ಕಪತ್ರ ಬರೆಯುವ, ಮ್ಯಾನೇಜರ್ ದೊರೆಯ ಮಾತನ್ನು ಹೊತ್ತು ತಿರುಗುವ, ಎಡಗೈಯಲ್ಲಿ ಸದಾ ಹೊಟ್ಟೆ ಹಿಡಿದುಕೊಂಡಿರುವ ಮನುಷ್ಯ. ಗ್ಯಾಸ್ಟ್ರಿಕ್ಕಂತೆ.

"ಎಂತ ಸಾರ್, ಇಷ್ಟು ದೂರ ಬಂದು ಕೆಸರು ತುಂಬ್ಸಿಕೊಂಡು ಹೋಗ್ತೀರಿ? ಮಡಿಕೇರಿಲಿ ಕೆಸರು ಸಿಗೋದಿಲ್ವಾ?" ಎಂದ. ಕೊಳೆನೀರನ್ನು ಇಂಗಿಸಲು ದೊರೆ ಈಗಾಗಲೇ ಎರಡು ಹೊಂಡ ತೋಡಿಸಲು ಶುರು ಮಾಡಿದ್ದಾರೆ, ಸರ್ಕಾರದವರು ಬರುತ್ತಾರೆಂಬ ಹೆದರಿಕೆಗೆ, ಎಂದೂ ಹೇಳಿದ. ನಾನು ಬಂದದ್ದೇ ಹೆದರಿಕೆಯಾಗಿದೆ ಎಂದು ತಿಳಿದು ಸಂತೋಷವಾಯಿತು. ಇದುವರೆಗೆ ನನಗೆ ಯಾರೂ ಹೆದರಿರಲಿಲ್ಲ.

೭ ಜನವರಿ, ಗುರುವಾರ

ಒಂದು ತೊಡಕು. ನೀರಿನಲ್ಲಿ ಪ್ರಾಣವಾಯು ಕರಗಿರುತ್ತದೆ. ಕೊಳೆ ಇದ್ದರೆ ಅದು ಈ ಪ್ರಾಣವಾಯುವನ್ನು ತಿಂದು ಹಾಕುತ್ತದೆ. ಮೊದಲ ದಿನ ಎಷ್ಟಿತ್ತು, ಐದನೆಯ ದಿನ ಎಷ್ಟು ಉಳಿದಿದೆ ಎಂದು ಅಳೆದರೆ ಕೊಳೆಯ ಪ್ರಮಾಣ ಗೊತ್ತಾಗುತ್ತದೆ. ಆ ಐದು ದಿನ ಬಾಟಲಿಗಳು ತಂಪಾದ, ಕತ್ತಲಾದ, ಯಾರೂ ಮುಟ್ಟದ ಜಾಗದಲ್ಲಿರಬೇಕು. ಮಡಿಕೇರಿಯಲ್ಲಿ ಅದಕ್ಕೆಂದೇ ಪೆಟ್ಟಿಗೆ ಇದೆ. ಇಲ್ಲಿ?

ಮನೆಯೆಲ್ಲ ಥರ್ಮಾಮೀಟರ್ ಹಿಡಿದು ಓಡಾಡಿದೆ. ಅತ್ಯಂತ ತಂಪು, ಅತ್ಯಂತ ಕತ್ತಲೆ ದೇವರ ಮನೆ. ಕೇಳಲು ಸಂಕೋಚವಾಯಿತು. ಯಜಮಾನಿಗೆ ಸಂಕೋಚವಾಗಲಿಲ್ಲ.

"ಇಡಿ, ಅದಕ್ಕೇನಂತೆ. ಸ್ನಾನ ಮಾಡ್ಕೊಂಡು ಬಂದು ಇಡಿ. ಚಪ್ಪಲಿ ಹಾಕ್ಕೊಂಡು ಒಳಗೆ ಕಾಲಿಟ್ಟೀರಾ ಮತ್ತೆ!"

ಒಂದೇ ಒಂದು ಹನಿ ಚೆಲ್ಲಿದರೂ, ಒಂದೇ ಒಂದು ಗುಳ್ಳೆ ಒಳಗೆ ಹೋದರೂ ಕೆಲಸವೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದಂತೆ, ಬಾಟಲಿ ಕಂಠದವರೆಗೂ ತುಂಬಿಯೇ ಇರಬೇಕು ಎಂದು ಆಕೆಗೆ ಮೂರು ಸಲ ಹೇಳಿದೆ. ಪ್ರತಿ ಬಾಟಲಿಗೂ ಚೀಟಿ ಅಂಟಿಸಿ ಕೆಂಪು ಶಾಯಿಯಲ್ಲಿ "ಕುಡಿಯಬಾರದು" ಎಂದು ಬರೆದೆ. ತಲಕಾವೇರಿಯಿಂದ ತುಲಾ ಸಂಕ್ರಮಣಕ್ಕೆ ತಂದ ತೀರ್ಥದ ತಂಬಿಗೆಯ ಪಕ್ಕದಲ್ಲಿ ನನ್ನ ಬಾಟಲಿಗಳು ಸಾಲಾಗಿ ಕೂತವು.

೧೨ ಜನವರಿ, ಮಂಗಳವಾರ

ಮೊದಲ ಪರೀಕ್ಷೆ. ಮಡಿಕೇರಿಯಿಂದ ಬರಬೇಕಿದ್ದ ಗಂಜಿಪುಡಿ ಬಂದಿರಲಿಲ್ಲ. ಯಜಮಾನಿಯ ಅನ್ನದ ಗಂಜಿಯನ್ನೇ ಸೋಸಿ ಹಾಕಿದೆ. ಅದ್ಭುತವಾಗಿ ಕೆಲಸ ಮಾಡಿತು. ಔಷಧಿ ಹಾಕಿ ಗಂಜಿ ಬಿಟ್ಟ ಕೂಡಲೇ ನೀರು ಕಡುನೀಲಿ. ಆಮೇಲೆ ಇನ್ನೊಂದು ಔಷಧಿಯನ್ನು ಹನಿಹನಿಯಾಗಿ ಬಿಡುತ್ತ ಎಣಿಸಬೇಕು. ಕೊನೆಗೆ ಒಂದು ಹನಿಗೆ ನೀಲಿಯೆಲ್ಲ ಮಾಯವಾಗಿ ನೀರು ತಿಳಿಯಾಗುತ್ತದೆ. ಎಷ್ಟು ಹನಿಯೋ ಅಷ್ಟು ಪ್ರಾಣವಾಯು. ಎಣಿಸುವಾಗ ನಾನು ಮಾತಾಡುವುದಿಲ್ಲ, ತಲೆ ಎತ್ತುವುದಿಲ್ಲ. ಬಾಗಿಲಲ್ಲಿ ನಿಂತು ನೋಡುತ್ತಿದ್ದ ಯಜಮಾನಿ ನೀಲಿ ಮಾಯವಾದಾಗ ಕೈ ಮುಗಿದರು.

ಫಲಿತಾಂಶ ಪುಸ್ತಕದಲ್ಲಿದ್ದಂತೆಯೇ. ಜಾಗ ನಂ. ೧ ಚೆನ್ನಾಗಿದೆ. ನಂ. ೩ರಲ್ಲಿ ಮೊದಲ ದಿನ ಇದ್ದ ಮೂರು ಅಂಶ ಪ್ರಾಣವಾಯು ಐದನೆಯ ದಿನ ಸೊನ್ನೆ. ಗಂಜಿ ಬಿಟ್ಟರೂ ನೀಲಿಯೇ ಬರಲಿಲ್ಲ. ಕೊಳೆಯೆಂದರೆ ಕೊಳೆ.

ಮಿಕ್ಕ ನೀರನ್ನು ಬಚ್ಚಲಿಗೆ ಸುರಿದಾಗ ಯಜಮಾನಿ ಎದೆ ಮೇಲೆ ಕೈಯಿಟ್ಟುಕೊಂಡರು. "ಐದು ದಿನ ದೇವರ ಹತ್ರ ಇದ್ದದ್ದನ್ನ ಬಚ್ಚಲಿಗಾ?" ಎಂದರು. ವಿಜ್ಞಾನದಲ್ಲಿ ಇದೆಲ್ಲ ಇರುತ್ತದೆ ಎಂದೆ.

೧೮ ಜನವರಿ, ಸೋಮವಾರ

ವಿಚಿತ್ರ. ಎರಡನೆಯ ಸಲದ ಬಾಟಲಿಗಳನ್ನು ಇಂದು ತೆರೆದೆ. ಜಾಗ ನಂ. ೩ರಲ್ಲಿ ಮೊದಲ ದಿನ ಮೂರು ಅಂಶ ಇತ್ತು. ಇಂದು ಐದೂವರೆ! ಕತ್ತಲಲ್ಲಿ, ಮುಚ್ಚಿದ ಬಾಟಲಿಯಲ್ಲಿ, ಪ್ರಾಣವಾಯು ಹೆಚ್ಚಾಗಿದೆ. ಬಣ್ಣವೂ ತಿಳಿಯಾಗಿದೆ.

ಎಣಿಸಿದ್ದು ತಪ್ಪಿರಬೇಕು. ಆದರೆ ನಾನು ಎಣಿಸಿದ್ದು ತಪ್ಪುವುದಿಲ್ಲ.

೨೪ ಜನವರಿ, ಭಾನುವಾರ

ತಪ್ಪಿಲ್ಲ! ಮೂರನೆಯ ಸಲವೂ ಅದೇ. ಇಂದು ಆರೂಕಾಲು. ಊಟ ಸೇರಲಿಲ್ಲ, ಸಂತೋಷಕ್ಕೆ.

ಈ ತೋಡಿನ ನೀರು ತನ್ನನ್ನು ತಾನೇ ಶುದ್ಧಿ ಮಾಡಿಕೊಳ್ಳುತ್ತದೆ. ಅಷ್ಟೇ ಅಲ್ಲ, ಕತ್ತಲಲ್ಲಿ ಪ್ರಾಣವಾಯುವನ್ನು ಹುಟ್ಟಿಸುತ್ತದೆ. ನಾನು ಓದಿದ ಯಾವ ಪುಸ್ತಕದಲ್ಲೂ ಇದು ಇಲ್ಲ. ವಾಸನೆಯೂ ಬದಲಾಗಿದೆ, ಮೂಸಿ ನೋಡಿ "ಸುಗಂಧ, ಪಚ್ಚಕರ್ಪೂರವನ್ನು ಹೋಲುವುದು" ಎಂದು ದಾಖಲಿಸಿದೆ. ಬಾಟಲಿಯೊಳಗೆ ಒಂದು ತುಳಸಿ ಎಲೆಯೂ ಇತ್ತು. ಜಾಗ ನಂ. ೩ರ ಮೇಲ್ಭಾಗದಲ್ಲಿ ಎಲ್ಲೋ ತುಳಸಿ ಗಿಡ ಇರಬೇಕು. ಶುದ್ಧೀಕರಣಕ್ಕೆ ಅದೇ ಕಾರಣವಿದ್ದರೂ ಇರಬಹುದು. ಹೋಗಿ ಹುಡುಕುವುದು.

ಸಾಹೇಬರಿಗೆ ನಾಲ್ಕು ಪುಟದ ಪತ್ರ ಬರೆದೆ. ಈ ವಿದ್ಯಮಾನಕ್ಕೆ ಒಂದು ಹೆಸರು ಬೇಕಲ್ಲ ಎಂದು "ಅಮ್ಮತ್ತಿ ಪರಿಣಾಮ" ಎಂದು ಬರೆದು, ಹೊಡೆದುಹಾಕಿ, "ದೇವರಾಜು ಪರಿಣಾಮ" ಎಂದು ಬರೆದು, ನಾಚಿಕೆಯಾಗಿ ಅದನ್ನೂ ಹೊಡೆದುಹಾಕಿದೆ. ಆದರೆ ಓದಲು ಆಗುವಷ್ಟು ತೆಳುವಾಗಿಯೇ ಹೊಡೆದುಹಾಕಿದ್ದೇನೆ.

೨೭ ಜನವರಿ, ಬುಧವಾರ

ಬೆಳಗಿನಿಂದ ಮೊಣಕಾಲು ನೀರಿನಲ್ಲಿ ನಿಂತು ತುಳಸಿ ಹುಡುಕಿದೆ. ಸಿಗಲಿಲ್ಲ. ಜಿಗಣೆ ಸಿಕ್ಕಿತು, ಅಥವಾ ನಾನು ಅದಕ್ಕೆ ಸಿಕ್ಕಿದೆ.

ನಂ. ೩ರ ಹೆಂಗಸು ಇವತ್ತೂ ಅಲ್ಲೇ ಇದ್ದಳು, ಕೊಡದಲ್ಲಿ ನೀರು ತುಂಬಿಸುತ್ತ. ಹೆಸರು ಮುದ್ದಿ. ಗಂಡ ಕೆಂಚ ಪಲ್ಪರ್ ಮನೆಯಲ್ಲೇ ಕೆಲಸ. ಈ ನೀರು ಯಾತಕ್ಕೆ ಎಂದು ಕೇಳಿದೆ.

"ಕುಡಿಯಾಕೆ ಸ್ವಾಮಿ. ಬ್ಯಾರೆ ನೀರು ಎಲ್ಲದೆ ನಮ್ಗೆ? ಹಣ್ಣು ಕುಯ್ಯೋ ಕಾಲ್ದಲ್ಲಿ ವಸಿ ನಾತ. ಮಳೆ ಬಂದ್ರೆ ಸರಿಹೋಯ್ತದೆ."

ಐದು ದಿನ ಮುಚ್ಚಿಟ್ಟರೆ ತಾನೇ ಶುದ್ಧವಾಗುತ್ತದೆ ಎಂದು ನಾನು ಕಂಡುಹಿಡಿದದ್ದನ್ನು ಹೇಳಿದೆ.

"ಐದು ದಿನ ಮಡಗಾಕೆ ಐದು ಕೊಡ ಬೇಕಲ್ಲ ಸ್ವಾಮಿ. ನಂತಾವ ಇರೋದು ಒಂದು" ಎಂದಳು. ಆಮೇಲೆ ಕೊಡ ಸೊಂಟಕ್ಕೇರಿಸುತ್ತ, "ಹ್ವಾದ ವರ್ಸ ಸಣ್ಣದನ್ನ ಇದೇ ತಿಂಗಳಲ್ಲಿ ಮಣ್ಣು ಮಾಡಿದ್ವಿ. ವಾಂತಿ ಬೇದಿ. ಈಗ ಕಮಲ ಒಬ್ಳೇ" ಎಂದಳು. ಹೇಳಿ ಹೋದಳು.

ಇದನ್ನು ವರದಿಯ ಯಾವ ಕಾಲಮ್ಮಿನಲ್ಲಿ ಬರೆಯಬೇಕೋ ತಿಳಿಯಲಿಲ್ಲ. ಆದ್ದರಿಂದ ಇಲ್ಲಿ ಬರೆದಿದ್ದೇನೆ.

೩೦ ಜನವರಿ, ಶನಿವಾರ

ಸಾಹೇಬರ ಉತ್ತರ! "ಬಹಳ ಸ್ವಾರಸ್ಯಕರ. ಎಸ್ಟೇಟಿಗೂ ತಾತ್ಕಾಲಿಕವಾಗಿ ತಿಳಿಸಬಹುದು. ನಿಮ್ಮ ಖಾಯಮಾತಿಯ ಕಾಗದ ಮೇಲಕ್ಕೆ ಹೋಗಿದೆ." ಮೂರು ಸಲ ಓದಿದೆ. ಮೂರನೆಯ ಸಲ ಜೋರಾಗಿ ಓದಿದೆ, ಯಜಮಾನಿಗೆ ಕೇಳಿಸಲಿ ಎಂದು.

"ಒಳ್ಳೇದಾಯ್ತು ಬಿಡಿ. ಇನ್ನಾದ್ರೂ ನಮ್ಮ ಬಾವಿ ನೋಡ್ತೀರಾ?" ಎಂದರು.

ಎಸ್ಟೇಟಿಗೆ ತಿಳಿಸಿದೆ. ಸಂಜೆಯೇ ಕೆಂಪಣ್ಣ ಒಂದು ಗೊನೆ ಬಾಳೆಹಣ್ಣು ಹೊರಿಸಿಕೊಂಡು ಬಂದ. "ದೊರೆ ಕಳಿಸಿದ್ರು ಸಾರ್. ಹೊಂಡ ತೋಡೋದು ಇವತ್ತಿಂದ ನಿಲ್ಸಿದ್ದಾರೆ. ತೋಡೇ ತನ್ನ ಕೆಲಸ ಮಾಡ್ಕೊಳ್ವಾಗ ನಾವ್ಯಾಕೆ ಮಣ್ಣು ಹೊರ್ಬೇಕು ಅಂತ."

ಬಾಳೆಹಣ್ಣು ಸರ್ಕಾರಿ ನೌಕರ ತೆಗೆದುಕೊಳ್ಳಬಾರದು. ವಾಪಸು ಕಳಿಸಬೇಕೆಂದುಕೊಳ್ಳುವಷ್ಟರಲ್ಲಿ ಯಜಮಾನಿ ಒಳಗೆ ಒಯ್ದಿದ್ದರು. ಕೆಂಪಣ್ಣನೂ ಹಿಂದೆಯೇ ಒಳಗೆ ಹೋಗಿ, ಬಾಯಿ ಒರೆಸಿಕೊಳ್ಳುತ್ತ ಬಂದ. ಅವನ ಕೈ ಇವತ್ತು ಹೊಟ್ಟೆಯ ಮೇಲಿರಲಿಲ್ಲ.

೪ ಫೆಬ್ರವರಿ, ಗುರುವಾರ

ಬೆಳಿಗ್ಗೆ ಹಿತ್ತಲ ಬಾಗಿಲಲ್ಲಿ ಒಂಬತ್ತು ಜನ ಸಾಲಾಗಿ ನಿಂತಿದ್ದರು. ಯಜಮಾನಿ ಮಜ್ಜಿಗೆ ಹಂಚುತ್ತಾರೆಂದು ಕಾಣುತ್ತದೆ. ಉದಾರಿ ಹೆಂಗಸು. ನಾನು ಹೋದ ಕೂಡಲೇ ಎಲ್ಲರೂ ನನಗೂ ಕೈ ಮುಗಿದರು. ಜನಕ್ಕೆ ವಿಜ್ಞಾನದ ಮೇಲೆ ಗೌರವ ಬರುತ್ತಿದೆ.

ಸಾಲಿನಲ್ಲಿ ಮುದ್ದಿಯೂ ಇದ್ದಳು. ಕಮಲಳಿಗೆ ನಿನ್ನೆಯಿಂದ ವಾಂತಿಯಂತೆ. ಹೊಂಡ ನಿಲ್ಲಿಸಿದ ಮೇಲೆ ನೀರು ಇನ್ನೂ ಕಪ್ಪಾಗಿದೆ ಎಂದಳು. ಯಾಕೋ ಅಂಕಿ ಬರೆಯಲು ಮನಸ್ಸಾಗಲಿಲ್ಲ. ಡಾಕ್ಟರ ಹತ್ತಿರ ಕರೆದುಕೊಂಡು ಹೋಗು ಎಂದೆ.

೮ ಫೆಬ್ರವರಿ, ಸೋಮವಾರ

ಜ್ವರ. ತುಳಸಿ ಹುಡುಕಿದ್ದರ ಫಲ. ಪೆನ್ನು ಹಿಡಿಯಲು ಆಗುತ್ತಿಲ್ಲ.

೯ ಫೆಬ್ರವರಿ, ಮಂಗಳವಾರ

ಜ್ವರ ಇಳಿದಿಲ್ಲ. ಆದರೂ ಇದನ್ನು ಬರೆಯಲೇಬೇಕು.

ಬೆಳಿಗ್ಗೆ ಯಜಮಾನಿ ಹಣೆ ಮುಟ್ಟಿ ನೋಡಿ, "ಬಾಯಿ ತೆಗೀರಿ" ಎಂದರು. ಕಣ್ಣು ಮುಚ್ಚಿಕೊಂಡೇ ತೆಗೆದೆ. ತಣ್ಣಗೆ ಒಂದು ಚಮಚ. ಪಚ್ಚಕರ್ಪೂರದ ವಾಸನೆ. ಈ ವಾಸನೆ ಎಲ್ಲೋ ದಾಖಲಿಸಿದ್ದೇನಲ್ಲ ಎಂದು ಕಣ್ಣು ತೆರೆದರೆ, ಆಕೆಯ ಕೈಯಲ್ಲಿ ನನ್ನ ಬಾಟಲಿ. ನನ್ನ ಅಕ್ಷರ. "ಜಾಗ ನಂ. ೩. ಕುಡಿಯಬಾರದು."

ಕುಡಿದಾಗಿತ್ತು.

ಎದ್ದು ಕೂತೆ. ಎಷ್ಟು ದಿನದಿಂದ ಎಂದು ಕೇಳಿದೆ. ಆಕೆಗೆ ಮುಚ್ಚಿಡುವ ಯೋಚನೆಯೇ ಇರಲಿಲ್ಲ.

"ಸಂಕ್ರಾಂತಿಯಿಂದ. ದೇವರ ಮನೇಲಿ ಐದು ದಿನ ಇದ್ದು, ನೀಲಮೇಘಶ್ಯಾಮನ ಬಣ್ಣ ಬಂದು ಹೋಗೋ ನೀರದು. ಅದನ್ನ ನೀವು ಬಚ್ಚಲಿಗೆ ಚೆಲ್ತೀರಲ್ಲ, ಆ ಪಾಪ ಈ ಮನೆಗೆ ಬ್ಯಾಡ ಅಂತ, ನೀವು ತೆಗೆಯೋಕೆ ಮುಂಚೆ ಊರೋರಿಗೆ ಒಂದೊಂದು ಚಮಚ ಕೊಟ್ಟೆ."

"ಕುಡಿಯಬಾರದು ಅಂತ ಬರೆದಿದ್ದೆನಲ್ಲ!"

"ಓದ್ದೆ ಕಣಪ್ಪ, ನಾಲ್ಕನೇ ಕ್ಲಾಸ್ ಓದೀನಿ. ತೀರ್ಥ ಏನು ಕುಡಿಯೋದಾ? ತಗೊಳ್ಳೋದು."

"ಆದರೆ ಬಾಟಲಿ ತುಂಬಿಯೇ ಇರುತ್ತಿತ್ತು!"

"ಇರದೆ ಏನು? ಒಂದು ಹನಿ ಕಮ್ಮಿಯಾದ್ರೂ ನಿಮ್ಮ ಕೆಲಸ ಹೋಯ್ತದೆ ಅಂತ ಮೂರು ಸಲ ಹೇಳಿದ್ರಿ. ತೆಗೆದಷ್ಟೂ ಬಾವಿ ನೀರು ತುಂಬಿ ಇಟ್ಟಿದೀನಿ. ಸಂಕ್ರಮಣದ ತೀರ್ಥ ಬಿಟ್ಟ ನೀರೇ ಮತ್ತೆ, ಬರೀ ನೀರಲ್ಲ. ತುಳಸಿ, ಪಚ್ಚಕರ್ಪೂರ ಎಲ್ಲ ಹಾಕಿ. ಒಂದು ಹನಿ ಕಮ್ಮಿ ಇತ್ತಾ, ಹೇಳಿ?"

ಇರಲಿಲ್ಲ. ಒಂದು ಹನಿಯೂ ಕಮ್ಮಿ ಇರಲಿಲ್ಲ. ಜನ ಹೆಚ್ಚಾದಂತೆ ಚಮಚ ಹೆಚ್ಚಾಗಿದೆ, ಚಮಚ ಹೆಚ್ಚಾದಂತೆ ಬಾವಿ ನೀರು ಹೆಚ್ಚಾಗಿದೆ, ನನ್ನ ಪ್ರಾಣವಾಯುವೂ ಹೆಚ್ಚಾಗಿದೆ. ಜಾಗ ನಂ. ೩ರ ನೀರು ತಂದು, ಮೂರು ವಾರದಿಂದ ನಾನು ಪರೀಕ್ಷಿಸುತ್ತಿದ್ದದ್ದು ನಮ್ಮ ಹಿತ್ತಲ ಬಾವಿಯನ್ನು.

ದೇವರಾಜು ಪರಿಣಾಮ! ಹುಚ್ಚು ಮುಂಡೇದೇ, ಬಾಟಲಿಯಲ್ಲಿ ತುಳಸಿ ಎಲೆ ಕಂಡು ಕಾಡಿಗೆ ಗಿಡ ಹುಡುಕಲು ಹೋದೆಯಲ್ಲ. ದೇವರ ಮನೆ ಹತ್ತು ಹೆಜ್ಜೆ ಇತ್ತು.

ಮಧ್ಯಾಹ್ನ. ತುಂಬ ಬಾಯಾರಿಕೆ. ಯಜಮಾನಿ ಕೊಟ್ಟ ಎರಡು ಚೆಂಬು ನೀರು ಕುಡಿದು ಮಲಗಿದೆ.

೧೦ ಫೆಬ್ರವರಿ, ಬುಧವಾರ

ಯಾರಿಗೂ ಹೇಳದೆ ಇರಬಹುದು. ಯೋಚಿಸಿ ನೋಡಿದೆ, ಬರೆದೂ ನೋಡುತ್ತೇನೆ. ಇನ್ನು ಮುಂದೆ ಬಾಟಲಿಗೆ ಬೀಗ ಹಾಕಿದರೆ, ಪರಿಣಾಮ ತಾನಾಗಿಯೇ ನಿಲ್ಲುತ್ತದೆ. "ಋತುಮಾನದ ಬದಲಾವಣೆ" ಎಂದು ಬರೆದರೆ ಸಾಹೇಬರು ಒಪ್ಪುತ್ತಾರೆ. ಏಪ್ರಿಲ್‌ನಲ್ಲಿ ಕೆಲಸ ಖಾಯಂ. ಅಮ್ಮತ್ತಿಗೆ ನಮಸ್ಕಾರ.

ಹೊಂಡ ಮಾತ್ರ ಅರ್ಧಕ್ಕೇ ನಿಂತಿರುತ್ತದೆ.

ಸಂಜೆ ಮುದ್ದಿ ಬಂದಿದ್ದಳು. ಕಮಲ ಎದ್ದು ಕೂತು ಗಂಜಿ ಕುಡಿದಳಂತೆ. ಔಷಧಿ ಏನು ಕೊಟ್ಟರು ಎಂದೆ. "ಔಸ್ದಿ ಇಲ್ಲ ಸ್ವಾಮಿ, ಡಾಕುಟ್ರು ಊರಲ್ಲಿರ್ನಿಲ್ಲ. ಅವ್ವೋರು ದಿನಾ ಒಂದು ಕೊಡ ಬಾವಿ ನೀರು ಕೊಟ್ರು. ತೋಡಿನ ನೀರು ಮುಟ್ಟಬ್ಯಾಡ ಅಂದ್ರು. ಅಷ್ಟೇಯ."

ಲೈನ್ ಮನೆಗಳಲ್ಲಿ ಬಾವಿ ನೀರು ಒಯ್ಯುವವರು ಎಷ್ಟು ಮನೆ ಎಂದು ಯಜಮಾನಿ ಅಮ್ಮನನ್ನು ಕೇಳಿದೆ. ಬೆರಳು ಮಡಿಸಿ ಹೇಳಿದರು: ಏಳು. ಆ ಏಳರಲ್ಲಿ ಈಗ ವಾಂತಿ ಬೇದಿ ಯಾರಿಗೂ ಇಲ್ಲ. ತೋಡಿನ ನೀರನ್ನೇ ಕುಡಿಯುವ ಹದಿನಾಲ್ಕರಲ್ಲಿ ಒಂಬತ್ತು ಮನೆಯಲ್ಲಿ ಇದೆ. ಎಲ್ಲ ಮನೆಗೂ ಮುದ್ದಿಯ ಜೊತೆ ನಾನೇ ಹೋಗಿ ಕೇಳಿ ಬಂದೆ. ಹೆಸರು ಸಹಿತ ಬರೆದುಕೊಂಡೆ. ಜ್ವರ ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ.

೧೧ ಫೆಬ್ರವರಿ, ಗುರುವಾರ

ಇವತ್ತಿನದನ್ನು ಸಾವಕಾಶವಾಗಿ ಬರೆಯಬೇಕು.

ಎಸ್ಟೇಟ್ ಆಫೀಸಿಗೆ ಹೊರಟೆ. ಅಮ್ಮನೂ ಸೆರಗು ಹೊದ್ದುಕೊಂಡು ಹೊರಟರು. ಇದು ಸರ್ಕಾರಿ ಕೆಲಸ, ನೀವು ಬರುವ ಹಾಗಿಲ್ಲ ಎಂದೆ. "ತಪ್ಪು ನಂದೂ ಅದೆ. ನಡೀರಿ" ಎಂದು ನನಗಿಂತ ಮುಂದೆ ನಡೆದರು.

ಮ್ಯಾನೇಜರ್ ದೊರೆ ಕಾಲ ಮೇಲೆ ಕಾಲು ಹಾಕಿ ಕೂತಿದ್ದರು. ಕೆಂಪಣ್ಣ ಪಕ್ಕದಲ್ಲಿ ರಿಜಿಸ್ಟರ್ ಬರೆಯುತ್ತಿದ್ದ. ನಾನು ನಿಂತುಕೊಂಡೇ ಹೇಳಿದೆ: ನಾನು ಕಳಿಸಿದ ಅಂಕಿಗಳು ತಪ್ಪು. ಮಾದರಿಗೆ ಬೇರೆ ನೀರು ಬೆರೆತಿತ್ತು. ತೋಡು ತಾನಾಗಿ ಶುದ್ಧವಾಗುವುದಿಲ್ಲ. ಹೊಂಡ ತೋಡಲೇಬೇಕು. ಲೈನಿನಲ್ಲಿ ಒಂಬತ್ತು ಮನೆಯವರು ಕಾಯಿಲೆ ಬಿದ್ದಿದ್ದಾರೆ. ಹೆಸರುಗಳನ್ನೂ ಓದಿದೆ.

ದೊರೆ ನಕ್ಕರು. "ಎಂಥ ಮಾರಾಯ್ರೇ, ಹದಿನೈದು ದಿನದ ಹಿಂದೆ ನೀವೇ ಸೈನ್ ಹಾಕಿ ಪ್ಯೂರ್ ಅಂತ ಕೊಟ್ಟಿದ್ದೀರಿ. ಇವತ್ತು ಇಲ್ಲ ಅಂತೀರಿ. ನಾಳೆ ಇನ್ನೊಂದು ಹೇಳ್ತೀರಿ. ಪಿಕ್ಕಿಂಗ್ ಟೈಮಲ್ಲಿ ಆಳು ಎಲ್ಲಿಂದ ತರೋದು ನಾನು? ಆ ನೀರಿಂದ ಯಾರಿಗೆ ಎಂಥ ಆಗಿದೆ? ಲೈನಿನವರಿಗೆ ಯಾವಾಗಲೂ ಏನಾದರೂ ಇದ್ದೇ ಇರ್ತದೆ. ಎಂಥದೂ ಆಗೋದಿಲ್ಲ ಆ ನೀರಿಂದ."

ಹೋದ ವರ್ಷ ಮುದ್ದಿ ಮಣ್ಣು ಮಾಡಿದ ಮಗುವಿನ ಮಾತು ಹೇಳಬೇಕೆಂದು ಪಟ್ಟಿಯನ್ನು ಮತ್ತೆ ಬಿಡಿಸಿದೆ. ಅಷ್ಟರಲ್ಲಿ ಅಮ್ಮ ಬಹಳ ಸಮಾಧಾನದಿಂದ ಹೇಳಿದರು:

"ಅದೂ ನಿಜವೇ ದೊರೆ. ಆ ನೀರೇ ಅಲ್ವಾ ಮೂರು ವಾರದಿಂದ ನಿಮ್ಮ ಮನೆ ಅಮ್ಮಾವ್ರೂ ತಗೊಳ್ತಿರೋದು?"

ದೊರೆಯ ಮೇಲಿನ ಕಾಲು ಕೆಳಗಿಳಿಯಿತು.

"ಯಾವ ನೀರು?"

"ಅದೇ, ತೀರ್ಥ ಅಂತ ಕೆಂಪಣ್ಣ ದಿನಾ ಬೆಳಿಗ್ಗೆ ಸಣ್ಣ ಸೀಸೇಲಿ ತಂದುಕೊಡ್ತಾನಲ್ಲ. ಅದು ಇವರ ಬಾಟ್ಲಿ ನೀರು. ನಿಮ್ಮ ಪಲ್ಪರ್ ಮನೆ ಕೆಳಗಿನ ತೋಡಿಂದು. ಕೆಂಪಣ್ಣನೂ ತಗೊಂಡವ್ನೆ. ಮೊನ್ನೆ ನೀವೂ ಒಂದು ಚಮಚ ತಗೊಂಡ್ರಂತೆ, ಇಬ್ಬರೂ ಕೂತು."

ಕೆಂಪಣ್ಣ ಪೆನ್ನು ಬಿಟ್ಟು ಎದ್ದ. ಕೈ ಮತ್ತೆ ಹೊಟ್ಟೆಯ ಮೇಲೆ ಹೋಗಿತ್ತು. ಬಾಗಿಲು ದಾಟುವವರೆಗೂ ತಡೆದುಕೊಂಡ. ಆಮೇಲೆ ಆಗಲಿಲ್ಲ.

ದೊರೆ ನನ್ನ ಕಡೆ ತಿರುಗಿದರು. ಮುಖದ ಬಣ್ಣ ಇಳಿದಿತ್ತು. "ಹೌದಾ ಇದು?"

ಪ್ರಮಾಣದ ಲೆಕ್ಕದಲ್ಲಿ ಹೇಳುವುದಾದರೆ ಅದರಲ್ಲಿ ಮುಕ್ಕಾಲು ಪಾಲು ಒಳ್ಳೆಯ ಬಾವಿ ನೀರು ಎಂದು ವಿವರಿಸಲು ಬಾಯಿ ತೆರೆದೆ. ಅಮ್ಮ ನನ್ನ ಕಾಲು ತುಳಿದರು. ಕಾಲುಂಗುರ ಇಲ್ಲದಿದ್ದರೂ ನೋವಾಯಿತು. ಬಾಯಿ ಮುಚ್ಚಿದೆ. ಬಳಿಕ, "ಬಾಟಲಿಯ ಮೇಲೆ ಜಾಗ ನಂಬರ್ ಮೂರು ಎಂದು ಬರೆದಿತ್ತು" ಎಂದೆ. ಅದು ಸುಳ್ಳಲ್ಲ.

ನಾವು ಗೇಟು ದಾಟುವ ಮೊದಲೇ ಹೊಂಡದ ಕಡೆ ಹಾರೆ ಪಿಕಾಸಿ ಹೊತ್ತು ಹನ್ನೆರಡು ಆಳು ಹೋದರು. ಹೊಂಡ ಮುಗಿಯುವವರೆಗೆ ಪಲ್ಪರ್ ನಿಲ್ಲಿಸುವುದಂತೆ. ಲೈನಿಗೆ ಒಂದು ಬಾವಿ ತೋಡಲು ಜಾಗ ತೋರಿಸಿ ಎಂದು ನನಗೇ ಹೇಳಿ ಕಳಿಸಿದರು. ತಿಂಗಳಿನ ಅಂಕಿಗಳಿಂದ ಆಗದ್ದು ಒಂದು ಚಮಚದಿಂದ ಆಯಿತು. ಇದನ್ನು ನಾನು ಒಪ್ಪುವುದಿಲ್ಲ, ಆದರೆ ದಾಖಲಿಸಬೇಕಾದ್ದು ಧರ್ಮ.

ದಾರಿಯಲ್ಲಿ ಅಮ್ಮನಿಗೆ ಹೇಳಿದೆ, ಪೂರ್ತಿ ನಿಜ ಹೇಳದಿರುವುದು ತಪ್ಪಲ್ಲವೇ ಎಂದು. "ಪೂರ್ತಿ ನಿಜ ಬೇಕಂದ್ರೆ ಅವರೂ ಲೈನಿಗೆ ಹೋಗಿ ಒಂದು ಲೋಟ ಕುಡಿದು ನೋಡ್ಲಿ" ಎಂದರು.

೧೩ ಫೆಬ್ರವರಿ, ಶನಿವಾರ

ಸಾಹೇಬರಿಗೆ ಬರೆದೆ. ಎಲ್ಲವನ್ನೂ: ದೇವರ ಮನೆ, ಚಮಚ, ತುಳಸಿ ಎಲೆ, ಕೆಂಪಣ್ಣನ ಗ್ಯಾಸ್ಟ್ರಿಕ್, ನನ್ನ ಹೆಡ್ಡತನ. ಅಮ್ಮನ ಹೆಸರು ಬರೆಯದೆ "ಸ್ಥಳೀಯ ಕಾರಣಗಳಿಂದ" ಎಂದು ಹಾಕೋಣವೆಂದಿದ್ದೆ. ಆಕೆಯೇ, "ನನ್ನ ಹೆಸರೂ ಬರೀರಿ, ಸರ್ಕಾರಕ್ಕೆ ಗೊತ್ತಾಗ್ಲಿ" ಎಂದರು. ಇಪ್ಪತ್ತೊಂದು ಮನೆಗಳ ಪಟ್ಟಿಯನ್ನೂ ಇಟ್ಟೆ. ಅಂಚೆ ಡಬ್ಬಿಯ ಮುಂದೆ ಐದು ನಿಮಿಷ ನಿಂತು, ಹಾಕಿದೆ. ಏಪ್ರಿಲ್ ಕೈಬಿಟ್ಟಿತೆಂದುಕೊಂಡೆ.

೨೬ ಫೆಬ್ರವರಿ, ಶುಕ್ರವಾರ

ಸಾಹೇಬರ ಉತ್ತರ.

"ನಿಮ್ಮ ಪತ್ರ ತಲುಪಿತು. ಇಪ್ಪತ್ತಾರು ವರ್ಷದ ಸೇವೆಯಲ್ಲಿ ಇಂಥದ್ದನ್ನು ಓದಿಲ್ಲ. ಖಾಯಮಾತಿಯನ್ನು ಒಂದು ವರ್ಷ ಮುಂದೂಡಲಾಗಿದೆ. ಮನೆವಾರು ಪಟ್ಟಿ ಮಾತ್ರ ಉಪಯುಕ್ತ. ಮುಂದಿನ ಹಂಗಾಮು ಮುಗಿಯುವವರೆಗೆ ಅಲ್ಲಿಯೇ ಇದ್ದು ಅದನ್ನು ಮುಂದುವರಿಸತಕ್ಕದ್ದು. ಮಾದರಿಗಳನ್ನು ಬೀಗ ಹಾಕಿದ ಪೆಟ್ಟಿಗೆಯಲ್ಲಿ ಇಡತಕ್ಕದ್ದು. ದೇವರ ಮನೆಯಲ್ಲಿ ಇಡಬಾರದು."

ಕೆಳಗೆ ಪೆನ್ಸಿಲಿನಲ್ಲಿ: "ನನಗೂ ಗ್ಯಾಸ್ಟ್ರಿಕ್ ಇದೆ."

ಒಂದು ವರ್ಷ ಮುಂದಕ್ಕೆ ಹೋಯಿತಲ್ಲ ಎಂದು ದುಃಖಿಸಬೇಕಿತ್ತು. ಬೆಳಿಗ್ಗೆ ಕೆಂಚ ಹೊಸ ಬಾವಿಯಲ್ಲಿ ನೀರು ಬಂತೆಂದು ಕರೆಯಲು ಬಂದಿದ್ದ. ಹೋಗಿ ನೋಡಿ ಬರುವಷ್ಟರಲ್ಲಿ ಮರೆತುಹೋಯಿತು. ಮಂಚದ ಗಿಡ್ಡ ಕಾಲಿಗೆ ಒಂದು ಚೂರು ಮರ ಕೊಟ್ಟೆ. ವರ್ಷವಿಡೀ ಮಲಗಬೇಕಲ್ಲ.

೩ ಮಾರ್ಚ್, ಬುಧವಾರ

ಬೆಳಿಗ್ಗೆ ಮುದ್ದಿಯ ಕಲ್ಲಿನ ಹತ್ತಿರ ನೀರು ಹಿಡಿದೆ. ಕಪ್ಪು ಇಳಿಯುತ್ತಿದೆ. ಕಮಲ ಬಾಟಲಿ ಹಿಡಿದುಕೊಂಡು, "ಇದನ್ನ ಎಲ್ರಿಗೂ ಕುಡುಸ್ತೀರಾ?" ಎಂದು ಕೇಳಿದಳು. ಈ ಕೆಟ್ಟ ಹೆಸರು ಇನ್ನು ಅಮ್ಮತ್ತಿಯಲ್ಲಿ ನನ್ನನ್ನು ಬಿಡುವುದಿಲ್ಲ.

ಹೊಸ ಪಟ್ಟಿಯಲ್ಲಿ ಒಂದು ಸಾಲು ಹೆಚ್ಚಿಗೆ ಸೇರಿಸಿ, ಊಟವಾದ ಮೇಲೆ ಅಮ್ಮನ ಹಿತ್ತಲ ಬಾವಿಯ ನೀರು ತೆಗೆದೆ. ಸ್ನಾನ ಮಾಡಿ ಬಂದು ತೆಗೆಯಿರಿ ಎಂದರು, ಮಾಡಿ ಬಂದು ತೆಗೆದೆ. ಗಂಜಿ ಬಿಟ್ಟಾಗ ಎಂಥ ನೀಲಿ! ಹನಿ ಎಣಿಸುವವರೆಗೂ ಅಮ್ಮ ಬಾಗಿಲಲ್ಲೇ ನಿಂತಿದ್ದರು, ಪರೀಕ್ಷೆಯ ರಿಸಲ್ಟಿಗೆ ನಿಂತವರ ಹಾಗೆ. ಏಳೂವರೆ ಅಂಶ. ನಾಲ್ಕು ತರಹದಲ್ಲಿ ಪರೀಕ್ಷಿಸಿದೆ. ತಕರಾರಿಲ್ಲದ ನೀರು. ಇದನ್ನು ಎರಡು ತಿಂಗಳ ಹಿಂದೆಯೇ ಕುದಿಸದೆ ಕುಡಿಯಬಹುದಿತ್ತು. ಈಗ ಕುಡಿಯುತ್ತಿರುವುದು ಅದನ್ನೇ ಎಂದು ಬರೆಯುವಾಗ ನೆನಪಾಯಿತು. ಸ್ಟವ್ ಎಲ್ಲಿಟ್ಟೆನೋ ಗೊತ್ತಿಲ್ಲ.

ಸರ್ಕಾರಿ ಫಾರಮ್ಮಿನಲ್ಲಿ ಅಂದವಾಗಿ ಬರೆದು ಓದಿ ಹೇಳಿದೆ: ಬಣ್ಣ ಇಲ್ಲ, ವಾಸನೆ ಇಲ್ಲ, ಕುಡಿಯಲು ಯೋಗ್ಯ. ಅಮ್ಮ ಎಲ್ಲವನ್ನೂ ತಲೆಯಾಡಿಸಿ ಕೇಳಿ, ಕೊನೆಯಲ್ಲಿ, "ತೀರ್ಥ ಸೇರಿದೆ ಅಂತ ಬರೀಲಿಲ್ವಾ?" ಎಂದರು.

ಅದಕ್ಕೆ ಫಾರಮ್ಮಿನಲ್ಲಿ ಕಾಲಮ್ಮು ಇಲ್ಲ ಎಂದೆ. ಆಕೆ ಏಳು ಮನೆಗೆ ದಿನವೂ ನೀರು ಸೇದಿ ಕೊಟ್ಟ ಕೈಯನ್ನು ಸೆರಗಿಗೆ ಒರೆಸಿಕೊಂಡು ಒಳಗೆ ಹೋದರು.

ಫಾರಮ್ಮಿನ ಕೆಳಗೆ "ಷರಾ" ಎಂದು ಒಂದು ಗೆರೆ ಖಾಲಿ ಇರುತ್ತದೆ. ನಾನು ಇದುವರೆಗೆ ಅಲ್ಲಿ ಏನನ್ನೂ ಬರೆದವನಲ್ಲ. ಇಂದು ಬರೆದು, ಸಹಿ ಹಾಕಿ, ಮೊಹರು ಒತ್ತಿ, ದೇವರ ಮನೆಯಲ್ಲಿ ತಂಬಿಗೆಯ ಪಕ್ಕ ಇಟ್ಟು ಬಂದೆ.

"ಷರಾ: ಕಾವೇರಿ ತೀರ್ಥ ಸೇರಿದೆ. ಪ್ರಮಾಣವನ್ನು ಅಳೆಯುವ ವಿಧಾನ ನಮ್ಮ ಪ್ರಯೋಗಶಾಲೆಯಲ್ಲಿ ಇರುವುದಿಲ್ಲ."